ಶಾರ್ಟ್‌ಸ್ಟಾಪ್ ಜಾಗಕ್ಕೆ ಯಾರು?

ಜಪಾನಿನ ಈ ವೃದ್ಧಾಶ್ರಮದಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೇ ನಾನು ನೋಡಿಕೊಳ್ಳುತ್ತಿದ್ದ ಒಬ್ಬ ಅಜ್ಜಿ ತೀರಿಕೊಂಡರು. ಬೆಳಗಿನ ಹೊತ್ತು. ಕೆಳಗಿನ ಹಜಾರದಲ್ಲಿ ಉಳಿದ ವೃದ್ಧರೆಲ್ಲ ಕುರ್ಚಿಯಲ್ಲಿ ಕೂತು, ಹಾಡಿಗೆ ತಕ್ಕಂತೆ ಕೈ ಎತ್ತಿ ಇಳಿಸಿ ವ್ಯಾಯಾಮ ಮಾಡುತ್ತಿದ್ದರು. ನಾವು ಮೇಲಿನ ಕೋಣೆಯಲ್ಲಿ ಅಜ್ಜಿಯ ಮೈ ತೊಳೆದು, ತಲೆ ಬಾಚಿ, ತುಟಿಗೆ ಒಂದಿಷ್ಟು ಬಣ್ಣ ಹಚ್ಚಿ, ಹಿಂದಿನ ಲಿಫ್ಟಿನಲ್ಲಿ ಇಳಿಸಿ, ಬಟ್ಟೆ ಒಗೆಯುವ ಕೋಣೆಯ ಪಕ್ಕದ ಬಾಗಿಲಿಂದ ವ್ಯಾನಿಗೆ ಹತ್ತಿಸಿದೆವು. ಹಾಡು ನಿಲ್ಲಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಅಜ್ಜಿಯ ಕುರ್ಚಿ ಇರಲಿಲ್ಲ. ಉಳಿದ ಕುರ್ಚಿಗಳನ್ನು ಅಷ್ಟಿಷ್ಟು ಸರಿಸಿ ಆ ಜಾಗವನ್ನು ತುಂಬಿಸಿದ್ದರು. ಯಾರೂ ಏನೂ ಕೇಳಲಿಲ್ಲ.

ನಮ್ಮ ಕಡೆ ಇದು ಸಾಧ್ಯವೇ? ನಮ್ಮದು ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವಿನ ಹೊಗೆಸೊಪ್ಪಿನ ಊರು. ತಮಟೆ ಸದ್ದು ಕೇಳಿದರೆ ಹೊಲದಲ್ಲಿದ್ದವರು ಕೆಲಸ ಬಿಟ್ಟು ನಿಂತು ಯಾರು ಎಂದು ಕೇಳುತ್ತಾರೆ. ಮಾತು ಬಿಟ್ಟ ದಾಯಾದಿಗೂ ಸಾವಿನ ಸುದ್ದಿ ಹೋಗಲೇಬೇಕು. ಈಗ ಎಲ್ಲರ ಕೈಯಲ್ಲೂ ಫೋನಿದೆ. ಆದರೂ ಹತ್ತಿರದ ನಂಟರ ಊರಿಗೆ ಒಬ್ಬ ಬೈಕಿನಲ್ಲಿ ಹೋಗಿ, ಜಗಲಿಯ ಕೆಳಗೇ ನಿಂತು ಹೇಳಿ, ನೀರೂ ಕುಡಿಯದೆ ಹಿಂತಿರುಗುತ್ತಾನೆ. ಹೇಳದೆ ಬಿಟ್ಟರೆ ಜನ್ಮವಿಡೀ ಮುನಿಸು. ಇನ್ನು ಸಾವಿಗೆ ಹೋಗಿ ಬಂದವರು ತಲೆಗೆ ನೀರು ಹಾಕಿಕೊಳ್ಳದೆ ಹೊಸ್ತಿಲು ದಾಟುವುದಿಲ್ಲ.

ಆ ದಿನ ನಾನೂ ಹಾಗೇ ಮಾಡಿದೆ. ಸಿಬ್ಬಂದಿಯ ಬಚ್ಚಲಿಗೆ ಹೋಗಿ ತಲೆಗೆ ನೀರು ಸುರಿದುಕೊಂಡು, ಒದ್ದೆ ಕೂದಲನ್ನು ಹಿಂದಕ್ಕೆ ಕಟ್ಟಿ ಹಜಾರಕ್ಕೆ ಬಂದೆ. ಹೊರಗೆ ಹಿಮ ಸುರಿಯುತ್ತಿತ್ತು. ಈ ಊರಿನವರು ಮೀಯುವುದು ಸಂಜೆ. ಹಾಡುಹಗಲಲ್ಲಿ ತಲೆ ಒದ್ದೆ ಮಾಡಿಕೊಂಡು ಬಂದವಳನ್ನು ಕಂಡು, ಕಿಟಕಿಯ ಬಳಿ ಕೂತಿದ್ದ ತನಾಬೆ ಎಂಬ ಅಜ್ಜ ಯಾಕೆಂದು ಕೇಳಿದರು. ನನಗೆ ಬರುತ್ತಿದ್ದ ಭಾಷೆಯೇ ಅಷ್ಟು: "ನನ್ನ ಊರು. ಸತ್ತವರು, ಮುಟ್ಟು. ಆಮೇಲೆ ಸ್ನಾನ." ತನಾಬೆ ಪಕ್ಕದಲ್ಲಿದ್ದ ಗೆಳೆಯ ಕಿಮುರಾ ಅವರ ಮುಖ ನೋಡಿದರು. ಇಬ್ಬರೂ ತಲೆ ತಗ್ಗಿಸಿದರು. ಆ ಸಂಜೆ ನಮ್ಮ ಮೇಲಿನ ಮ್ಯಾನೇಜರ್ ಹೆಂಗಸು ನನ್ನನ್ನು ಕರೆದು ನಿಯಮ ತಿಳಿಸಿದರು. ಇಲ್ಲಿ ಯಾರೇ ತೀರಿಕೊಂಡರೂ ಉಳಿದವರಿಗೆ ಹೇಳುವಂತಿಲ್ಲ. ಕೇಳಿದರೆ 'ಆಸ್ಪತ್ರೆಗೆ ಹೋಗಿದ್ದಾರೆ' ಎನ್ನಬೇಕು. ಜಪಾನಿನಲ್ಲೆಲ್ಲ ಹೀಗೆ ಎಂದು ನಾನು ಹೇಳುವುದಿಲ್ಲ. ನಮ್ಮ ಆಶ್ರಮದಲ್ಲಿ ಹೀಗೆ.

ನನ್ನ ಹೆಸರು ಭಾಗ್ಯ. ಹುಣಸೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸಾಗಿದ್ದವಳು. ಜಪಾನಿನಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ಜನ ಬೇಕೆಂದು ಕೇಳಿ, ಭಾಷೆಯ ತರಬೇತಿಗೆ ಸೇರಿ, ಪಾಸಾಗಿ, ಉತ್ತರ ಜಪಾನಿನ ಈ ಸಣ್ಣ ಪಟ್ಟಣಕ್ಕೆ ಬಂದೆ. ಈ ಕೆಲಸಕ್ಕೆ ಇಲ್ಲಿ 'ಕಾಯ್‌ಗೊ' ಎನ್ನುತ್ತಾರೆ. ಉಣ್ಣಿಸುವುದು, ಮೀಯಿಸುವುದು, ಡಯಪರ್ ಬದಲಿಸುವುದು, ಎಬ್ಬಿಸಿ ಕೂರಿಸುವುದು ಎಲ್ಲವೂ ಅದರಲ್ಲಿ ಬಂತು. ಊರಿನಲ್ಲಿ ಅವ್ವ ಇದ್ದಾಳೆ. ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡ. ಅವ್ವನನ್ನೂ ನನ್ನನ್ನೂ ತನ್ನ ಮನೆಗೆ ಕರೆದುಕೊಂಡು ಹೋಗಿ ಸಾಕಿದವನು ಅವ್ವನ ಅಣ್ಣ, ನನ್ನ ನಂಜುಂಡ ಮಾವ.

ಇಲ್ಲಿ ನನ್ನ ಮನೆ ಎಂದರೆ ಒಂದು ಕೋಣೆ. ಗೋಡೆ ಎಷ್ಟು ತೆಳುವೆಂದರೆ ಪಕ್ಕದವನು ಸೀನಿದರೆ ನಾನು ಬೆಚ್ಚುತ್ತಿದ್ದೆ. ಒಗ್ಗರಣೆ ಹಾಕಿದ ದಿನ ವಾಸನೆಯೆಂದು ಪಕ್ಕದವರು ಬಾಗಿಲಿಗೆ ಚೀಟಿ ಅಂಟಿಸಿದ್ದರು. ತುಂಬ ವಿನಯದ ಚೀಟಿ. ಓದಿ ಅರ್ಥ ಮಾಡಿಕೊಳ್ಳುವ ಹೊತ್ತಿಗೆ ಒಗ್ಗರಣೆಯೇ ತಣ್ಣಗಾಗಿತ್ತು. ತಂದ ರಾಗಿಹಿಟ್ಟು ಮುಗಿದ ಮೇಲೆ ಮುದ್ದೆ ನಿಂತಿತು. ಬಟಾಣಿ ಬೇಯಿಸಿ ಹುಳಿ ಮಾಡಿದರೆ ಅದು ಹುಳಿಯೂ ಅಲ್ಲ, ಇವರ ಸಾರೂ ಅಲ್ಲ. ರಜೆಯ ದಿನ ಯಾರೂ ನನ್ನ ಹೆಸರು ಕರೆಯುತ್ತಿರಲಿಲ್ಲ. ಕೆಲವು ಸಲ ಕನ್ನಡಿಯ ಮುಂದೆ ನಿಂತು ನಾನೇ ಜೋರಾಗಿ ನಾಲ್ಕು ಮಾತು ಕನ್ನಡದಲ್ಲಿ ಬೈದುಕೊಂಡಿದ್ದೇನೆ. ಆಗ ಸ್ವಲ್ಪ ಹಗುರಾಗುತ್ತಿತ್ತು.

ಭಾಷೆ ಬಾಯಿಗೆ ಹತ್ತಿದ್ದು ತನಾಬೆ ಮತ್ತು ಕಿಮುರಾ ಅವರ ಜಗಳದಿಂದ. ಇವರ ಆಟ ಬೇಸ್‌ಬಾಲ್. ಇಲ್ಲಿ ಅದಕ್ಕೆ 'ಯಾಕ್ಯೂ' ಎನ್ನುತ್ತಾರೆ. ನಮಗೆ ಕ್ರಿಕೆಟ್ ಹೇಗೋ ಇವರಿಗೆ ಅದು ಹಾಗೆ. ಇಬ್ಬರು ಅಜ್ಜಂದಿರೂ ದಿನವೂ ಕಿಟಕಿಯ ಬಳಿ ಕೂತು, ಜಗತ್ತಿನಲ್ಲಿ ಇದುವರೆಗೆ ಆಡಿದವರಲ್ಲಿ ಯಾವ ಜಾಗಕ್ಕೆ ಯಾರು ಎಲ್ಲರಿಗಿಂತ ದೊಡ್ಡವರು ಎಂದು ಆರಿಸುತ್ತಿದ್ದರು. ಒಂಬತ್ತು ಜಾಗ, ಒಂಬತ್ತು ಜನ. ಒಂದು ಷರತ್ತಿತ್ತು. ಆರಿಸುವವನು ಆ ಆಟಗಾರನನ್ನು ಮೈದಾನದಲ್ಲಿ ಕೂತು ಕಣ್ಣಾರೆ ಕಂಡಿರಬೇಕು. ಟಿವಿಯಲ್ಲಿ ನೋಡಿದ್ದು, ಪೇಪರಿನಲ್ಲಿ ಓದಿದ್ದು ನಡೆಯುವುದಿಲ್ಲ. "ಇಲ್ಲದಿದ್ದರೆ ಟಿವಿ ಇರುವವರೆಲ್ಲ ಆರಿಸುತ್ತಾರೆ" ಎನ್ನುತ್ತಿದ್ದರು ತನಾಬೆ. ಅವರು ಹೈಸ್ಕೂಲಿನಲ್ಲಿ ಆಟದ ಮೇಷ್ಟರಾಗಿದ್ದವರು. ಕಿಮುರಾ ರೈಲ್ವೆಯಲ್ಲಿದ್ದವರು, ರಜೆ ಸಿಕ್ಕಾಗಲೆಲ್ಲ ರೈಲು ಹತ್ತಿ ಮ್ಯಾಚಿಗೆ ಹೋದವರು.

ಆಟಗಾರರ ಹೆಸರು ನನ್ನ ನಾಲಿಗೆಗೆ ಹೊರಳುತ್ತಿರಲಿಲ್ಲ. ನಮ್ಮೂರ ರೀತಿಯಲ್ಲಿ ಒಬ್ಬೊಬ್ಬರಿಗೂ ಅಡ್ಡಹೆಸರಿಟ್ಟುಕೊಂಡೆ. ಚೆಂಡು ಎಸೆಯುವ ಪಿಚರ್ 'ಎಡಚ'. ಅವನ ವಿಷಯದಲ್ಲಿ ಇಬ್ಬರಿಗೂ ತಕರಾರಿರಲಿಲ್ಲ. ಅವನ ಚೆಂಡು ಹಿಡಿಯುವ ಕ್ಯಾಚರ್ ಜಾಗಕ್ಕೆ, ಬೆರಳೆಲ್ಲ ಸೊಟ್ಟಗಾಗಿ ಕೊನೆಗೆ ಊಟದ ಕಡ್ಡಿಯನ್ನೂ ಹಿಡಿಯಲಾರದೆ ಹೋದವನು. ಓಡುವವರು ಮುಟ್ಟಿ ದಾಟಬೇಕಾದ ಮೊದಲ ಬೇಸ್ ಕಾಯಲು 'ಲಂಬು', ಎರಡನೆಯದಕ್ಕೆ 'ಕುಳ್ಳ'. ಮೂರನೆಯ ಬೇಸಿನ ಜಗಳ ಒಂದು ಚಳಿಗಾಲ ಪೂರ್ತಿ ನಡೆದು, ಒಬ್ಬ ಅಮೆರಿಕದವನ ಹೆಸರಲ್ಲಿ ಮುಗಿಯಿತು. ಅವನು ಈ ಕಡೆ ಆಡಲು ಬಂದಾಗ ಇಬ್ಬರೂ ಬೇರೆ ಬೇರೆ ಊರಲ್ಲಿ ನೋಡಿದ್ದರಂತೆ. ದೂರದಲ್ಲಿ ನಿಂತು ಚೆಂಡು ಕಾಯುವ ಮೂವರಲ್ಲಿ ನಡುವಿನವನು ನನಗೂ ಇಷ್ಟವಾದ. ಬ್ಯಾಟಿನ ಸದ್ದು ಕೇಳಿ, ಚೆಂಡಿಗೆ ಬೆನ್ನು ಹಾಕಿ ಓಡಿ, ಅದು ಬೀಳುವ ಜಾಗದಲ್ಲಿ ತಿರುಗಿ ನಿಲ್ಲುತ್ತಿದ್ದನಂತೆ. ಅದನ್ನು ಹೇಳುವಾಗ ಕಿಮುರಾ ಗಾಲಿಕುರ್ಚಿಯಲ್ಲೇ ಕತ್ತು ತಿರುಗಿಸಿ ತೋರಿಸುತ್ತಿದ್ದರು.

ಉಳಿದದ್ದು ಶಾರ್ಟ್‌ಸ್ಟಾಪ್. ಎರಡನೆಯ ಮೂರನೆಯ ಬೇಸುಗಳ ನಡುವೆ ನಿಲ್ಲುವವನು. ಬಿರುಸಿನ ಚೆಂಡೆಲ್ಲ ಬರುವುದು ಅವನ ಕಾಲಬುಡಕ್ಕೆ. ತನಾಬೆ ಆರಿಸಿದವನು ಇಡೀ ದೇಶಕ್ಕೆ ಗೊತ್ತಿದ್ದ ಆಟಗಾರ. ಕಿಮುರಾ ಆರಿಸಿದವನನ್ನು ಅವರ ಹಳ್ಳಿ ಬಿಟ್ಟರೆ ಯಾರೂ ಕೇಳಿಲ್ಲ. ಅವರ ಸಹಪಾಠಿಯಂತೆ. ಒಂದೇ ಒಂದು ಬೇಸಿಗೆ ಶಾಲೆಯ ಟೀಮಿನಲ್ಲಿ ಆಡಿ, ಆ ಚಳಿಗಾಲದಲ್ಲೇ ಕ್ಷಯ ಬಂದು ಸತ್ತ.

"ಒಂದು ಬೇಸಿಗೆ ಆಡಿದವನು ಜಗತ್ತಿಗೇ ದೊಡ್ಡವನಾ?" ತನಾಬೆ ಕೇಳುತ್ತಿದ್ದರು.

"ನೀನು ನೋಡಿಲ್ಲ. ನಾನು ನೋಡಿದ್ದೇನೆ" ಎನ್ನುತ್ತಿದ್ದರು ಕಿಮುರಾ. "ಆ ಟೀಮಿನವರು ಯಾರೂ ಉಳಿದಿಲ್ಲ. ನಾನು ಹೇಳದಿದ್ದರೆ ಇನ್ಯಾರು ಹೇಳುತ್ತಾರೆ?"

ದಿನಾ ಇದೇ. ಒಂದು ದಿನ ಗಂಜಿ ಉಣ್ಣಿಸುತ್ತಾ ನಾನು ಬಾಯಿ ಹಾಕಿದೆ. "ನನ್ನನ್ನು ಶಾರ್ಟ್‌ಸ್ಟಾಪ್ ಮಾಡಿಬಿಡಿ. ನೀವಿಬ್ಬರೂ ಎಸೆಯುವುದನ್ನೆಲ್ಲ ಹಿಡಿಯುವವಳು ನಾನೇ ತಾನೆ?" ಇಬ್ಬರೂ ಬಾಯಲ್ಲಿದ್ದ ಗಂಜಿ ಚೆಲ್ಲುವ ಹಾಗೆ ನಕ್ಕರು. ಈ ಭಾಷೆಯಲ್ಲಿ ನಾನು ಆಡಿದ ಮೊದಲ ತಮಾಷೆ ಅದು. ರಾತ್ರಿಯ ಅಡುಗೆಗೆ ಪಾಯಸ ಮಾಡಿಕೊಂಡು ಒಬ್ಬಳೇ ತಿಂದೆ.

ಭಾನುವಾರ ಮಾವನಿಗೆ ಫೋನ್ ಮಾಡಿದಾಗ ಇದನ್ನೆಲ್ಲ ಹೇಳುತ್ತಿದ್ದೆ. ಮಾವ ವಯಸ್ಸಿನಲ್ಲಿ ಕಬಡ್ಡಿ ಆಡಿದವನು. ಚಿಕ್ಕವಳಿದ್ದಾಗ ನಾನೂ ಅವನ ಆಟ ನೋಡಿದ್ದೇನೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ಎಂದು ನಾಲ್ಕು ತಾಲೂಕಿನ ಪಂದ್ಯಗಳನ್ನೂ ಅಲೆದವನು. ಅಜ್ಜಂದಿರ ಹುಚ್ಚು ಅವನಿಗೂ ಹತ್ತಿತು. ನಾಲ್ಕು ತಾಲೂಕಿಗೂ ಸೇರಿ ಏಳು ಜನರ ಟೀಮು ಕಟ್ಟಲು ಕೂತ.

"ರೈಡಿಗೆ ಕೆ.ಆರ್. ನಗರದೋನು ಒಬ್ಬ ಇದ್ದ ಕಣವ್ವ. ಉಸುರು ಬುಟ್ರೆ ತಾನೆ ಸಿಗೋದು? ಬಲಗಡೆ ಕಾರ್ನರಿಗೆ ಕೋಟೆ ಕಡೆಯೋನು. ಎನ್. ಬೇಗೂರಿನತ್ರ ಆನೆ ತುಳೀತಲ್ಲ, ಅವ್ನೇ."

"ಎಡ ಕಾರ್ನರಿಗೆ ನೀನೇ ಇರು ಮಾವ" ಎಂದೆ.

"ತನ್ನ ತಾನೇ ಯಾರಾರಾ ಆರುಸ್ಕಂಡಾರ? ಬುಡು ಬುಡು. ಇನ್ನೊಬ್ಬುನ್ನ ಉಡುಕ್ತೀನಿ."

ವಾರ ವಾರವೂ ನಾನು ನೀನೇ ಎನ್ನುವುದು, ಅವನು ಬುಡು ಎನ್ನುವುದು.

ಎರಡನೆಯ ಚಳಿಗಾಲದಲ್ಲಿ ಕಿಮುರಾ ತೀರಿಕೊಂಡರು. ನೆಗಡಿಯೆಂದು ಮಲಗಿದವರು ಏಳಲಿಲ್ಲ. ಅವರ ಮೈ ತೊಳೆದವರಲ್ಲಿ ನಾನೂ ಒಬ್ಬಳು. ಅದುವರೆಗೆ ಪ್ರತಿ ಸಾವಿನ ಬಳಿಕವೂ ಮೀಯುತ್ತಿದ್ದವಳು ಆ ದಿನ ಕೆಲಸ ಮುಗಿದ ಮೇಲೆ ಬಚ್ಚಲ ಮುಂದೆ ನಿಂತು ಯೋಚಿಸಿದೆ. ಮ್ಯಾನೇಜರ್ ಗದರಿದರೆ? ಆದರೆ ಮೀಯದೆ ಹೋಗಿ ಇನ್ನೊಬ್ಬರಿಗೆ ಅನ್ನ ತಿನ್ನಿಸಲು ನನ್ನ ಕೈ ಒಪ್ಪಲಿಲ್ಲ. ಮಿಂದೆ. ಟವೆಲಿನಲ್ಲಿ ಎಷ್ಟು ಒರೆಸಿದರೂ ನನ್ನ ದಟ್ಟ ಕೂದಲು ಬೇಗ ಒಣಗುವಂಥದ್ದಲ್ಲ. ಮಧ್ಯಾಹ್ನದ ತಟ್ಟೆ ಹಿಡಿದು ತನಾಬೆ ಅವರ ಬಳಿ ಹೋದೆ.

"ಕಿಮುರಾ ಎಲ್ಲಿ?"

"ಆಸ್ಪತ್ರೆಗೆ ಹೋಗಿದ್ದಾರೆ. ಚಳಿ ಕಡಿಮೆಯಾದ ಮೇಲೆ ಬರುತ್ತಾರೆ" ಎಂದೆ. ಮಾತು ಅಚ್ಚುಕಟ್ಟಾಗಿ ಬಂತು. ಆ ಹೊತ್ತಿಗೆ ಅಷ್ಟು ಭಾಷೆ ಕಲಿತಿದ್ದೆ.

ಅವರು ನನ್ನ ಮುಖ ನೋಡಲಿಲ್ಲ, ಕೂದಲು ನೋಡಿದರು. ನನಗೆ ಆಗ ಗೊತ್ತಾಯಿತು. ಮೊದಲ ವಾರದಿಂದಲೂ ಇಬ್ಬರೂ ನನ್ನ ತಲೆ ನೋಡಿಯೇ ಈ ಮನೆಯ ಸಾವುಗಳನ್ನು ಲೆಕ್ಕ ಹಿಡಿದಿದ್ದರು. ಯಾರೂ ಹೇಳದ ಸುದ್ದಿಯನ್ನು, ಹೇಳಬಾರದೆಂದು ನನಗೇ ಗೊತ್ತಿದ್ದ ಸುದ್ದಿಯನ್ನು, ನಾನೇ ತಲೆಯ ಮೇಲೆ ಹೊತ್ತು ತಂದು ಕೊಡುತ್ತಿದ್ದೆ.

"ಒಂದು ಚಿಟಿಕೆ ಉಪ್ಪು ತಂದುಕೊಡು" ಎಂದರು.

ಇವರಲ್ಲಿ ಸಾವಿನ ಮನೆಯಿಂದ ಬಂದವರು ಮೈಮೇಲೆ ಉಪ್ಪು ಎರಚಿಕೊಂಡು ಒಳಗೆ ಬರುತ್ತಾರೆ. ನಮ್ಮ ನೀರಿನ ಹಾಗೆ ಇವರಿಗೆ ಉಪ್ಪು. ತನಾಬೆ ಅವರಿಗೆ ಬಿಪಿ, ಉಪ್ಪಿಲ್ಲದ ಊಟ. ಅಡುಗೆಮನೆಯವರು ಕೊಡಲಿಲ್ಲ, ಯಾಕೆಂದು ಕೇಳಿದರು. ಮರುದಿನ ನಾನು ನನ್ನ ಕೋಣೆಯಿಂದಲೇ ಕಾಗದದಲ್ಲಿ ಕಟ್ಟಿಕೊಂಡು ಬಂದೆ. ಅವರು ಎದೆಗಿಷ್ಟು, ಬೆನ್ನಿಗಿಷ್ಟು ಎರಚಿಕೊಂಡರು. ಬೆನ್ನಿಗೆ ಕೈ ತಿರುಗದೆ ಅರ್ಧ ಹಾಸಿಗೆಗೆ ಬಿತ್ತು.

ಮ್ಯಾನೇಜರ್‌ಗೆ ತಿಳಿಯದೆ ಇರುತ್ತದೆಯೇ? ಕರೆದರು. ಕೆಟ್ಟ ಹೆಂಗಸಲ್ಲ. ಕೂಗಾಡಲಿಲ್ಲ. "ತಿಳಿದು ಅವರೇನು ಮಾಡಬಲ್ಲರು? ಎದ್ದು ಹೋಗಲಾರರು, ಅಂತ್ಯಕ್ರಿಯೆಗೆ ನಿಲ್ಲಲಾರರು. ಕೂತಲ್ಲಿ ಕೂತು ಅಳಬೇಕು, ಅಷ್ಟೇ ತಾನೆ? ಆ ಅಳುವನ್ನು ನಾವು ಯಾಕೆ ಕೊಡಬೇಕು?" ಎಂದರು. ನನಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ನಮ್ಮೂರಿನಲ್ಲಿ ಶತ್ರುವಿಗೂ ಹೇಳುತ್ತೇವೆ, ನೀವು ಗೆಳೆಯನಿಗೇ ಹೇಳುವುದಿಲ್ಲವಲ್ಲ ಎಂದು ಅಂದುಬಿಟ್ಟೆ. ಅವರು ತಲೆ ಬಾಗಿಸಿದರು. ಇಲ್ಲಿ ಮಾತು ಮುಗಿಯಿತು ಎನ್ನುವುದಕ್ಕೂ ತಲೆ ಬಾಗಿಸುತ್ತಾರೆ.

ಕೆಲವು ದಿನಗಳ ನಂತರ, ಹಾಸಿಗೆಯ ಬಟ್ಟೆ ಬದಲಿಸುವಾಗ, ತನಾಬೆ ತಾವಾಗಿಯೇ ಮಾತೆತ್ತಿದರು. "ಶಾರ್ಟ್‌ಸ್ಟಾಪ್ ಮುಗಿಯಿತು."

"ಯಾರು?"

"ನಾನು ಹೇಳಿದವನೇ. ಕಿಮುರಾನ ಹುಡುಗನನ್ನು ಕಂಡವರು ಈಗ ಒಬ್ಬರೂ ಇಲ್ಲ. ಕಣ್ಣಾರೆ ಕಂಡಿರಬೇಕು ಎಂದಲ್ಲವೇ ಷರತ್ತು? ಆದ್ದರಿಂದ ಅವನನ್ನು ಸೇರಿಸಲಾಗದು." ಆಮೇಲೆ "ನಾನು ಗೆದ್ದೆ" ಎಂದು ಗೋಡೆಯ ಕಡೆ ತಿರುಗಿದರು. ಒಬ್ಬ ಹುಡುಗ ಅಷ್ಟು ವರ್ಷಗಳ ಮೇಲೆ ಇನ್ನೊಂದು ಸಲ ಸತ್ತದ್ದನ್ನು ನಾನು ಕಣ್ಣೆದುರು ನೋಡಿದೆ. ವಸಂತ ಬಂದು ಬೇಸ್‌ಬಾಲ್ ಶುರುವಾದಾಗ ಅವರ ಕೋಣೆಯ ಟಿವಿ ಹಾಕಿದೆ. ಅದನ್ನು ನಿಲ್ಲಿಸು ಎಂದರು. ಊಟ ಕಮ್ಮಿಯಾಯಿತು, ಮಾತೂ ಕಮ್ಮಿಯಾಯಿತು. ನಾನು ಹೇಳಿದ್ದು ಸರಿಯೇ, ಮ್ಯಾನೇಜರ್ ಹೇಳಿದ್ದು ಸರಿಯೇ ಎಂದು ಇವತ್ತಿಗೂ ನನಗೆ ತಿಳಿಯದು.

ಆ ವರ್ಷ ಊರಿನಲ್ಲಿ ಹೊಗೆಸೊಪ್ಪು ಬೇಯಿಸುವ ಕಾಲ. ಭಾನುವಾರ ಫೋನ್ ಮಾಡಿದರೆ ಅತ್ತೆ ಎತ್ತಿದಳು. ಮಾವನ ಹೆಂಡತಿ ಫೋನು ಎತ್ತುವವಳೇ ಅಲ್ಲ.

"ಮಾವ ಎಲ್ಲತ್ತೆ?"

"ಅರಾಜ್‌ಗೆ ಓಗವ್ರೆ ಕಣವ್ವ, ಸೊಪ್ಪಾಕ್ಕಂಡು."

ಹೊಗೆಸೊಪ್ಪಿನ ಹರಾಜು ಭಾನುವಾರ ಎಲ್ಲಿ ನಡೆಯುತ್ತದೆ? ಆದರೆ ನಾನು ಎರಡು ವರ್ಷ ಊರು ಬಿಟ್ಟವಳು, ಈಗ ಬದಲಾಗಿರಬಹುದು ಎಂದುಕೊಂಡೆ. ಮುಂದಿನ ವಾರ, ಮನೀಕಂಡವ್ರೆ ಎಂದಳು. ಅದರ ಮುಂದಿನ ವಾರ ಅವ್ವ ಎತ್ತಿ, "ವಸಿ ಉಸಾರಿಲ್ಲ ಕಣ್ ಮಗ. ಮೈಸೂರಾಸ್ಪತ್ರೆಗೆ ಓಗವ್ನೆ. ಬಿಸ್ಲು ಬಂದ್ಮೇಲೆ ಬತ್ತಾನೆ" ಎಂದಳು.

ನಾನು ಆ ಮಾತನ್ನು ದಿನನಿತ್ಯ ಆಡುವವಳು. ಅದರ ಇಳಿಜಾರು, ಕೊನೆಗೆ ಒಂದು ಚೂರು ಉತ್ಸಾಹ ಸೇರಿಸುವುದು, ಆಮೇಲೆ ತಕ್ಷಣ ಊಟ ಆಯ್ತಾ ಎಂದು ಕೇಳುವುದು, ಎಲ್ಲವೂ ನನಗೆ ಬಾಯಿಪಾಠ. ಅವ್ವನೂ ತಕ್ಷಣ ಊಟ ಆಯ್ತಾ ಮಗ ಎಂದು ಕೇಳಿದಳು.

"ಯಾವತ್ತವ್ವ?" ಎಂದೆ.

ಅವ್ವ ಅಳತೊಡಗಿದಳು. ಅತ್ತೆ ಫೋನು ತೆಗೆದುಕೊಂಡಳು. ಬ್ಯಾರನ್ನಿಗೆ, ಅಂದರೆ ಸೊಪ್ಪು ಬೇಯಿಸುವ ಮನೆಗೆ, ಸೊಪ್ಪು ತುಂಬುವಾಗ ಎದೆ ಹಿಡಿದುಕೊಂಡು ಕೂತವನು ಹಾಗೇ ಹೋದನಂತೆ. ಮಣ್ಣಾಗಿ, ಹಾಲುತುಪ್ಪವಾಗಿ, ತಿಥಿಯೂ ಮುಗಿದಿತ್ತು. ನಾಲ್ಕು ತಾಲೂಕಿನ ಹಳೆಯ ಕಬಡ್ಡಿಯವರೆಲ್ಲ ಬಂದಿದ್ದರಂತೆ. ಬೇಲಿ ಜಗಳದಲ್ಲಿ ಮಾತು ಬಿಟ್ಟಿದ್ದ ಪಕ್ಕದ ಹೊಲದವನೂ ಬಂದು ಮಣ್ಣು ಹಾಕಿದನಂತೆ.

"ಅವ್ನಿಗೇಳಿದ್ರಿ. ನಂಗ್ಯಾಕೇಳ್ಲಿಲ್ಲ?"

"ನೀನಷ್ಟು ದೂರ ಇದ್ದೀಯೆ. ತಿಳ್ಕಂಡು ಏನ್ ಮಾಡಿಯೆ ಭಾಗ್ಯ? ಬರಕ್ಕಾಗಕಿಲ್ಲ. ಒಬ್ಳೇ ಕುಂತ್ಕಂಡು ಅಳ್ಬೇಕು. ಅದ್ಯಾಕೆ ಅಂತ ಎಲ್ರೂ ಸೇರಿ ಮಾತಾಡ್ಕಂಡೊ."

ಫೋನಿಟ್ಟು ಬಚ್ಚಲಿಗೆ ಹೋದೆ. ತಡವಾಗಿ ತಿಳಿದರೂ ತಿಳಿದ ದಿನ ಮೀಯಬೇಕು. ನೀರಿನ ಕೆಳಗೆ ನಿಂತು ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತುಬಿಟ್ಟೆ. ಗೋಡೆ ತೆಳುವಲ್ಲವೇ, ಇನ್ನೊಂದು ವಿನಯದ ಚೀಟಿ ಬೇಕಾಗಿರಲಿಲ್ಲ.

ಮಧ್ಯಾಹ್ನದ ಪಾಳಿಗೆ ಹೋದಾಗ ತನಾಬೆ ನನ್ನ ತಲೆ ನೋಡಿದರು. ಹಜಾರದತ್ತ ಕತ್ತು ಚಾಚಿ ಒಂದೊಂದೇ ಮುಖ ಹುಡುಕಿದರು. "ಇಲ್ಲಿ ಎಲ್ಲರೂ ಇದ್ದಾರಲ್ಲ" ಎಂದರು.

"ನಮ್ಮೂರಿನಲ್ಲಿ. ನನ್ನ ಮಾವ. ಅವನೂ ಆಟಗಾರ."

ಅವರು ತಿಂಗಳುಗಟ್ಟಲೆ ಆಡದ ಮಾತನ್ನು ಆಡಿದರು. "ಯಾವ ಜಾಗದಲ್ಲಿ ಆಡುತ್ತಿದ್ದರು?"

"ಎಡ ಕಾರ್ನರ್."

"ನಾನು ನೋಡಿಲ್ಲ. ನೀನು ನೋಡಿದ್ದೀಯಲ್ಲ, ಹೇಳು."

ಕಬಡ್ಡಿ ಎಂದರೇನೆಂದೂ ಗೊತ್ತಿಲ್ಲದ ಮುದುಕರಿಗೆ, ಅರ್ಧ ಅವರ ಭಾಷೆ, ಅರ್ಧ ನಮ್ಮದು ಬೆರೆಸಿ ಹೇಳಿದೆ. ಮಾವ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಹೇಗೆ ಕಾಯುತ್ತಿದ್ದ, ಬಂದವನ ಹಿಮ್ಮಡಿಯನ್ನು ಹೇಗೆ ತಬ್ಬುತ್ತಿದ್ದ, ಹಿಡಿದದ್ದನ್ನು ಬಿಡಿಸಿಕೊಂಡು ಹೋದವರನ್ನು ನಾನು ಕಂಡಿಲ್ಲ ಎಂದೆ. ನೆಲದ ಮೇಲೆ ಕೂತು ಮಾಡಿಯೂ ತೋರಿಸಿದೆ. ಮ್ಯಾನೇಜರ್ ಬಾಗಿಲವರೆಗೆ ಬಂದು ನೋಡಿ ಹಿಂತಿರುಗಿದರು.

ರಜೆ ಸಿಕ್ಕಿದ್ದು ತಡವಾಗಿ. ಊರಿಗೆ ಹೋದೆ. ಮಾವನ ಗುಡ್ಡೆಯ ಮೇಲೆ ಹುಲ್ಲು ಬಂದಿತ್ತು. ಮನೆಗೆ ಬಂದವರೆಲ್ಲ ನನ್ನನ್ನು ನೋಡಿ ಬೆಳ್ಳಗಾಗಿದ್ದೀಯ ಎಂದರು, ಅಲ್ಲಿ ಚಳಿಯಂತೆ ಎಂದರು. ಮಾವನ ಸಾವಿನ ಮಾತು ಎತ್ತಿದರೆ, ಆಗಿದ್ದಾಯ್ತು ಬುಡು ಎಂದು ಟೀ ಕೊಟ್ಟರು. ಅವರೆಲ್ಲ ಒಟ್ಟಿಗೆ ಅತ್ತು ಮುಗಿಸಿದ್ದರು. ನನ್ನ ಪಾಲಿನದು ನನ್ನ ಬಳಿಯೇ ಉಳಿದಿತ್ತು. ಊರಿನ ಮುದ್ದೆ ತಿನ್ನುತ್ತಾ ಆಶ್ರಮದ ಹಜಾರ ನೆನೆಸಿಕೊಂಡೆ. ತನಾಬೆ ಅವರಿಗೆ ಯಾರು ಉಣ್ಣಿಸುತ್ತಿದ್ದಾರೋ ಎಂದು ಯೋಚಿಸಿದೆ. ಆಮೇಲೆ ಹಾಗೆ ಯೋಚಿಸಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಹೊರಡುವ ದಿನ ಅವ್ವ ಹುಣಸೂರು ಬಸ್‌ಸ್ಟ್ಯಾಂಡಿನವರೆಗೆ ಬಂದಳು. ಮೈಸೂರು ಬಸ್ಸು ಇನ್ನೂ ಬಂದಿರಲಿಲ್ಲ. ನಾನು ಅವಳ ಕೈ ಹಿಡಿದು ಕೇಳಿದೆ. "ಇನ್ಮೇಲೆ ಏನೇ ಆದ್ರೂ ಅವತ್ತೇ ಏಳ್ಬೇಕು. ಮಾತ್ಕೊಡು."

ಅವ್ವ ಕೊಡಲಿಲ್ಲ. "ಅದಿರ್ಲಿ" ಎಂದಳು. "ಅಲ್ಲಿ ನಿಂಗೇನಾರಾ ಆದ್ರೆ ನಂಗ್ಯಾರು ಏಳಾರು?"

ಆಶ್ರಮದಲ್ಲಿ ನಾನು ಕೊಟ್ಟಿದ್ದ ಊರಿನ ನಂಬರು ಮಾವನದು. 

"ಅವ್ರ ಮಾತ್ನಲ್ಲಿ ಒಂದ್ಮಾತ್ ಕಲಿಸ್ಬುಟ್ಟೋಗು ಮಗ. ನೀನು ಪೋನ್ ಎತ್ತದೆ ಇದ್ರೆ ಆ ಆಸ್ರಮಕ್ಕೇ ಮಾಡಿ ಕೇಳ್ತೀನಿ."

ಅವಳ ಫೋನಿಗೆ ಆಶ್ರಮದ ನಂಬರು ಹಾಕಿಕೊಟ್ಟೆ. ಕಲ್ಲುಬೆಂಚಿನ ಮೇಲೆ ಕೂತು ಕಲಿಸಿದೆ. 'ಮುಸುಮೆ ವಾ ಗೆಂಕಿ ದೆಸ್ ಕಾ.' ನನ್ನ ಮಗಳು ಚೆನ್ನಾಗಿದ್ದಾಳಾ ಎಂದು ಅರ್ಥ. ಅವ್ವ ಮೊದಲು ತೊದಲಿದಳು, ಆಮೇಲೆ ಹಿಡಿದಳು. ಮಡಿಕೇರಿ ಬಸ್ಸಿನ ಕಂಡಕ್ಟರ್ ಕೂಗಿನ ನಡುವೆ ಮತ್ತೆ ಮತ್ತೆ ಹೇಳಿಕೊಂಡಳು. ನಮ್ಮ ಬಸ್ಸು ಬರುವ ಹೊತ್ತಿಗೆ, ಯಾರು ಕೇಳಿದರೂ ಅರ್ಥವಾಗುವಷ್ಟು ಚೆನ್ನಾಗಿ ಬರುತ್ತಿತ್ತು.

ಬಸ್ಸು ಲಕ್ಷ್ಮಣತೀರ್ಥದ ಸೇತುವೆ ದಾಟಿದ ಮೇಲೂ ಅವಳ ಬಾಯಿ ಆಡುತ್ತಿದ್ದದ್ದೇ ಕಣ್ಣಿಗೆ ಕಟ್ಟಿತ್ತು. ಕೇಳುವುದನ್ನು ಕಲಿಸಿದೆ. ಆ ಕಡೆಯವರು ಏನೆನ್ನುತ್ತಾರೆ, ಅದರ ಅರ್ಥವೇನು ಎಂದು ಅವ್ವ ಕೇಳಲಿಲ್ಲ, ನಾನೂ ಹೇಳಲಿಲ್ಲ.